‘ಟಕ್’ ಅಂದಮ್ಯಾಲೆ ಸಾಕು!

ಮೇ ತಿಂಗಳ ಮಧ್ಯಾಹ್ನ. ಅವ್ವನನ್ನು ಧಾರವಾಡದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ರಾಯಾಪುರದಲ್ಲಿ ಪೆಟ್ರೋಲ್ ಹಾಕಿಸಿದರೆ, ಕಾರು ಸ್ಟಾರ್ಟೇ ಆಗವಲ್ದು! ಆಕ್ಸಲರೇಟರ್ ಒತ್ತಿ ಹಿಡಿದು ನಾಲ್ಕನೇ ಸಲ ತಿರುವಿದಾಗ ಗುರ್ ಅಂತು. ಒಳಗೆಲ್ಲ ಪೆಟ್ರೋಲ್ ವಾಸನಿ.

ಒಂದು ಗ್ಯಾರೇಜಿನವರು ಇಂಜೆಕ್ಟರೇ ಬದಲಿಸಿ ಅಂದರು. ಇನ್ನೊಬ್ಬ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: “ಟಕ್ ಅಂದಮ್ಯಾಲೂ ಹಾಕಸ್ತೀರೇನ್ರಿ ಸರ್?”

ಹೌದು. ರೌಂಡ್ ಫಿಗರ್ ಮಾಡೋ ಚಟ.

ಬಿಸಿಲಿಗೆ ಟ್ಯಾಂಕಿನಲ್ಲಿ ಏಳುವ ಆವಿಯನ್ನು ಇದ್ದಿಲು ತುಂಬಿದ ಕ್ಯಾನಿಸ್ಟರ್ ಹಿಡಿದಿಡುತ್ತದೆ. ಎಂಜಿನ್ ಕಾದಮೇಲೆ ಪರ್ಜ್ ವಾಲ್ವ್ ತೆರೆದು, ಆ ಆವಿ ಗಾಳಿಯೊಂದಿಗೆ ಎಂಜಿನ್ ಸೇರುತ್ತದೆ. ಶುದ್ಧ ಪೆಟ್ರೋಲಾದರೆ ತೂಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಎಥೆನಾಲ್ ಬೆರೆತರೆ ಕಡಿಮೆ ಸಾಕು. ಆವಿ ಬಂದಷ್ಟೂ ಇಸಿಯು, ಆಕ್ಸಿಜನ್ ಸೆನ್ಸರ್ ನೋಡಿಕೊಂಡು, ಇಂಜೆಕ್ಟರಿನ ಪಾಲು ತಗ್ಗಿಸುತ್ತದೆ. ಪೆಟ್ರೋಲೇ ಕಾದು ಹಿಗ್ಗಿದ್ದರೆ ಉಲ್ಟಾ, ತುಸು ಹೆಚ್ಚಿಗೆ ಬಿಡುತ್ತದೆ.

ನನ್ನ ಕ್ಯಾನಿಸ್ಟರಿಗೆ ಆವಿಯ ಬದಲು ಪೆಟ್ರೋಲೇ ನುಗ್ಗಿತ್ತು. ಇದ್ದಿಲ ಪುಡಿ ಸಿಕ್ಕಿ ವಾಲ್ವ್ ತೆರೆದೇ ನಿಂತಿತ್ತು. ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಆ ಸೆನ್ಸರಿನ ಲೆಕ್ಕ ನಡೆಯುವುದಿಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಅತಿಯಾಗಿ ಎಂಜಿನ್ ಉಸಿರುಗಟ್ಟಿತ್ತು. ಎರಡೂ ಬದಲಿಸಿದ್ದಾಯ್ತು.

ಈಗ ಬಂಕಿನಲ್ಲಿ ನನಗಿಂತ ಮೊದಲು ಅವ್ವನೇ ಕೂಗ್ತಾಳ: “ಟಕ್ ಅಂತಲ್ಲೋ ತಮ್ಮಾ, ಸಾಕು ತಗಿ!”