ಎತ್ತಿದ ಖಡ್ಗ

ಮರಣದಂಡನೆ ಧರ್ಮಸಮ್ಮತವೇ? 13ನೆಯ ಶತಮಾನದ ಹಂಪೆಯ ಕವಿ ರಾಘವಾಂಕನ ‘ಹರಿಶ್ಚಂದ್ರಕಾವ್ಯ’ವನ್ನು ಓದಿದವರಿಗೆ ಈ ಪ್ರಶ್ನೆ ಏಳದೆ ಇರದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಸೀಮೆಯ ಹಳ್ಳಿಗರಿಗೂ ಹರಿಶ್ಚಂದ್ರನ ಕಥೆ ಅಪರಿಚಿತವಲ್ಲ. ಅವನ ಕಷ್ಟಕ್ಕೆ ಕಣ್ಣೀರಿಡುವ ನಾವು ಅವನ ಕೈಯ ಖಡ್ಗವನ್ನು ಕುರಿತು ಆಲೋಚಿಸುವುದು ಕಡಿಮೆ.

ಕಾಶಿಯ ರಾಜಕುಮಾರನ ಕೊಲೆಯಾಗುತ್ತದೆ. ಶವದ ಬಳಿಯಿದ್ದ ಹರಿಶ್ಚಂದ್ರನ ಮಡದಿ ಚಂದ್ರಮತಿಯೇ ಕೊಲೆಗಾತಿಯೆಂದು ಭಟರು ಹಿಡಿಯುತ್ತಾರೆ; ದೊರೆ ಶಿರಚ್ಛೇದಕ್ಕೆ ಆಜ್ಞಾಪಿಸುತ್ತಾನೆ. ಋಣ ತೀರಿಸಲು ವೀರಬಾಹುಕನಿಗೆ ಆಳಾಗಿದ್ದ ಹರಿಶ್ಚಂದ್ರನ ಪಾಲಿಗೆ ಆ ಕಾರ್ಯ ಬರುತ್ತದೆ. ಭಟರು ಕರ್ತವ್ಯ ಮಾಡಿದರು. ದೊರೆ ನ್ಯಾಯ ಬಯಸಿದನು. ಹರಿಶ್ಚಂದ್ರನು ಸತ್ಯಕ್ಕೆ ತಪ್ಪಲಿಲ್ಲ. ಆದರೂ ಖಡ್ಗದ ಕೆಳಗಿದ್ದುದು ನಿರಪರಾಧಿಯ ಕೊರಳು!

ಕೊಲೆಗೆ ಕಠಿಣ ಶಿಕ್ಷೆ ಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತ ಬೇಕು, ಮಗನನ್ನು ಕಳೆದುಕೊಂಡವರ ದುಃಖ ಸಣ್ಣದಲ್ಲ. 1980ರಲ್ಲಿ ಬಚ್ಚನ್ ಸಿಂಗ್ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆ ಸಂವಿಧಾನಬದ್ಧವೆಂದು ಹೇಳಿದರೂ, ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಾತ್ರ ಅದನ್ನು ಮೀಸಲಿಟ್ಟಿತು. ಆದರೆ ಅಂತಹ ಪ್ರಕರಣದಲ್ಲಿಯೂ ತೀರ್ಪು ನೀಡುವವರು ಮನುಷ್ಯರೇ. ತಪ್ಪು ತಿಳಿದ ದಿನ ಸೆರೆಯಲ್ಲಿರುವವನನ್ನು ಬಿಡುಗಡೆ ಮಾಡಬಹುದು. ಸತ್ತವನನ್ನು ಮರಳಿ ತರಲಾಗದು.

ಕಾವ್ಯದಲ್ಲಿ ಶಿವನು ಪ್ರತ್ಯಕ್ಷನಾಗಿ ಚಂದ್ರಮತಿಯನ್ನು ಉಳಿಸಿದನು. ಪ್ರತಿ ವಧಾಸ್ಥಾನಕ್ಕೂ ಶಿವನು ಬರುವನೆಂದು ನಂಬಿ ಕಾನೂನು ರಚಿಸಲಾಗದು. ಆದುದರಿಂದ ಖಡ್ಗವನ್ನು ಎತ್ತದಿರುವ ವಿವೇಕ ನಮ್ಮದೇ ಆಗಬೇಕು.