ಹಾವಿನ ಬಣ್ಣವೂ ಅದರ ವಯಸ್ಸೂ

ಅಮೆರಿಕದಲ್ಲಿ ಹಾವುಗಳನ್ನು ಮನೆಯಲ್ಲಿ ಸಾಕುವವರುಂಟು. ಅವರಿಗೆ ಅಚ್ಚುಮೆಚ್ಚಾದವುಗಳಲ್ಲಿ ಕಿಂಗ್ ಸ್ನೇಕ್ ಒಂದು. ಹೆಸರಿನಲ್ಲಿ ಅರಸುತನವಿದ್ದರೂ ಅದು ನಮ್ಮ ಕಾಳಿಂಗ ಸರ್ಪದ ಹತ್ತಿರದ ಬಂಧುವಲ್ಲ. ವಿಷವಿಲ್ಲದ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುವ ಹಾವು. ಅಂದವಾದ ಪಟ್ಟೆಗಳಿಗೆ ಮನಸೋತು ಮರಿಯನ್ನು ಕೊಂಡವನು, ಕೆಲವು ವರ್ಷಗಳಲ್ಲಿ ಆ ಪಟ್ಟೆಗಳು ಮಾಸುವುದನ್ನು ಕಂಡು, ಹಾವಿಗೆ ರೋಗ ತಗುಲಿತೆಂದೋ ಅಂಗಡಿಯವನು ವಂಚಿಸಿದನೆಂದೋ ಬಗೆಯಬಹುದು. ಎರಡೂ ನಿಜವಲ್ಲ. ಹಾವಿಗೆ ಒಂದೇ ಬಣ್ಣವನ್ನು ಗೊತ್ತುಮಾಡಿ, ಅದನ್ನೇ ಅದರ ಗುರುತೆಂದು ಕಲಿಸುವ ವಾಡಿಕೆಯೇ ಇಲ್ಲಿ ದೋಷಕ್ಕೆ ಮೂಲವೆಂದು ನಮ್ಮ ಅಭಿಪ್ರಾಯ.

ಫ್ಲಾರಿಡಾ ಪರ್ಯಾಯದ್ವೀಪದ ಕಿಂಗ್ ಸ್ನೇಕನ್ನು ನೋಡೋಣ. ಮೊಟ್ಟೆಯೊಡೆದು ಬಂದ ಮರಿ ಗೇಣಿಗಿಂತ ತುಸು ಉದ್ದ. ಮೈ ಕಡುಕಂದು, ಅದರ ಮೇಲೆ ನಸುಹಳದಿಯ ಅಡ್ಡಪಟ್ಟೆಗಳು, ಪಕ್ಕಗಳಲ್ಲಿ ಅನೇಕ ವೇಳೆ ಕೆಂಪು ಛಾಯೆ. ಬೆಳೆದಂತೆಲ್ಲ ಕೆಂಪು ಅಳಿಯುತ್ತದೆ. ಕಂದು ಭಾಗದ ಒಂದೊಂದು ಹುರುಪೆಯ ಬುಡದಲ್ಲಿಯೂ ತಿಳಿಬಣ್ಣ ಹರಡುತ್ತ ಬರುತ್ತದೆ. ಇಲ್ಲಿ ಪಟ್ಟೆ ಅಳಿಸಿಹೋಗುವುದಲ್ಲ, ಅದರ ಸುತ್ತಣ ಕಪ್ಪೇ ತಿಳಿಯಾಗುವುದು. ಕೊನೆಗೆ ಹಾವು ಜೇನುಬಣ್ಣದ ಮೇಲೆ ಎಳ್ಳು ಚೆಲ್ಲಿದಂತೆ ಕಾಣುತ್ತದೆ. ಮೆಕ್ಸಿಕೊದ ಸೊನೋರಾ ಪ್ರಾಂತ್ಯದ ಕರಿಯ ಕಿಂಗ್ ಸ್ನೇಕಿನಲ್ಲಾದರೋ ನಡೆಯುವುದು ಇದಕ್ಕೆ ವಿರುದ್ಧ: ಮರಿಯ ಮೈಮೇಲೆ ಕಾಣುವ ತಿಳಿ ಚುಕ್ಕೆಗಳು ಕ್ರಮೇಣ ಕಪ್ಪಿನಲ್ಲಿ ಮುಳುಗಿಹೋಗುತ್ತವೆ.

ಹಾವು ಪೊರೆ ಬಿಟ್ಟಾಗ ಬಟ್ಟೆ ಬದಲಿಸಿದಂತೆ ಬಣ್ಣವನ್ನೂ ಬದಲಿಸುತ್ತದೆಂಬ ನಂಬಿಕೆಯುಂಟು. ಬಿದ್ದ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಂಶಯ ಪರಿಹಾರವಾಗುತ್ತದೆ. ಅದು ಹೆಚ್ಚುಕಡಮೆ ಬಣ್ಣವಿಲ್ಲದ್ದು. ಬಣ್ಣದ ನೆಲೆ ಬಹುಮಟ್ಟಿಗೆ ಒಳಚರ್ಮದ ವರ್ಣಕೋಶಗಳಲ್ಲಿ. ಕೆಲವು ಕೋಶಗಳಲ್ಲಿ ಮೆಲನಿನ್ ಎಂಬ ಕಪ್ಪು ದ್ರವ್ಯ, ಕೆಲವುಗಳಲ್ಲಿ ಹಳದಿ ಕೆಂಪು ದ್ರವ್ಯಗಳು, ಮತ್ತೆ ಕೆಲವುಗಳಲ್ಲಿ ಬೆಳಕನ್ನು ಹಿಂದಿರುಗಿಸುವ ಸೂಕ್ಷ್ಮ ಹರಳುಗಳು. ವಯಸ್ಸಿನೊಡನೆ ಮಾರ್ಪಡುವುದು ಇವುಗಳ ಪ್ರಮಾಣ ಮತ್ತು ಹಂಚಿಕೆ.

ಬಣ್ಣದ ವಿನ್ಯಾಸವನ್ನು ನಂಬಿ ಪಂಡಿತರೂ ಮೋಸಹೋದದ್ದುಂಟು. ಕ್ಯಾಲಿಫೋರ್ನಿಯದಲ್ಲಿ ಅಡ್ಡಪಟ್ಟೆಯ ಕಿಂಗ್ ಸ್ನೇಕುಗಳೂ ಬೆನ್ನುದ್ದಕ್ಕೆ ಗೆರೆಯುಳ್ಳವೂ ಇವೆ. ಅವನ್ನು ಬೇರೆ ಬೇರೆ ಜಾತಿಗಳೆಂದು ಎಣಿಸಿದ್ದರು. ಸ್ಯಾನ್ ಡಿಯೆಗೊ ನಗರದ ಲಾರೆನ್ಸ್ ಕ್ಲಾಬರ್, ವೃತ್ತಿಯಿಂದ ಇಂಜಿನಿಯರ್, ಒಂದೇ ತಾಯಿಯ ಮೊಟ್ಟೆಗಳಿಂದ ಎರಡು ಬಗೆಯ ಮರಿಗಳೂ ಹೊರಬರುವುದನ್ನು 1936ರಲ್ಲಿ ಪ್ರಕಟಿಸಿದ ಮೇಲೆ ಆ ಭೇದ ನಿಲ್ಲಲಿಲ್ಲ.

ಇದು ಕೇವಲ ಹವ್ಯಾಸಿಗಳ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಬ್ಲ್ಯಾಕ್ ರೇಸರ್ ಎಂಬ ನಿರ್ವಿಷ ಹಾವು ಬೆಳೆದಾಗ ಅಚ್ಚಕಪ್ಪು. ಅದರ ಮರಿ ಬೂದುಬಣ್ಣದ್ದು, ಮೈತುಂಬ ಕಂದು ಮಚ್ಚೆಗಳು. ಕಾಪರ್‌ಹೆಡ್ ಎಂಬ ವಿಷದ ಹಾವೆಂದು ಭ್ರಮಿಸಿ ಜನರು ಅದನ್ನು ಕೊಲ್ಲುವುದುಂಟು. ನಮ್ಮ ಮಲೆನಾಡಿನಲ್ಲಿ ಭ್ರಮೆ ಮನುಷ್ಯನಿಗೇ ಅಪಾಯಕರವಾಗಬಹುದು. ಪುಸ್ತಕದಲ್ಲಿ ಕಂದುಬಣ್ಣದ ಕಾಳಿಂಗವನ್ನಷ್ಟೇ ಕಂಡ ಬಾಲಕನು, ಕಪ್ಪು ಮೈಯ ಮೇಲೆ ತಿಳಿಹಳದಿಯ ಕಿರುಪಟ್ಟೆಗಳುಳ್ಳ ಅದರ ಮರಿಯನ್ನು ಗುರುತಿಸುವುದೆಂತು? ಆ ಮರಿಯಾದರೋ ಮೊಟ್ಟೆಯೊಡೆದ ದಿನದಿಂದಲೇ ವಿಷವುಳ್ಳದ್ದು.

ಹುರುಪೆಗಳ ಸಾಲು ಮತ್ತು ಜೋಡಣೆ ಬಣ್ಣದಂತೆ ವಯಸ್ಸಿಗೆ ತಕ್ಕಂತೆ ಮಾರ್ಪಡುವುದಿಲ್ಲ. ಕಾಳಿಂಗದ ನೆತ್ತಿಯ ಹಿಂಭಾಗದಲ್ಲಿರುವ ಒಂದು ಜೊತೆ ದೊಡ್ಡ ಹುರುಪೆಗಳು ಮರಿಯಲ್ಲಿಯೂ ಮುದಿಹಾವಿನಲ್ಲಿಯೂ ಒಂದೇ ತೆರನಾಗಿವೆ. (ಜೀವಂತ ಕಾಳಿಂಗದ ನೆತ್ತಿಯನ್ನು ಪರೀಕ್ಷಿಸಲು ಹೊರಡಬೇಡಿರೆಂದು ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲವಷ್ಟೆ!) ಆದುದರಿಂದ ಪಠ್ಯಪುಸ್ತಕಗಳಲ್ಲಿ ಪ್ರತಿಯೊಂದು ಹಾವಿಗೂ ಮರಿಯದೊಂದು, ಬೆಳೆದುದರದೊಂದು, ಹೀಗೆ ಎರಡು ಚಿತ್ರಗಳನ್ನೂ ಪಕ್ಕದಲ್ಲಿ ತಲೆಯ ಹುರುಪೆಗಳ ರೇಖಾಚಿತ್ರವನ್ನೂ ಕೊಡಬೇಕೆಂದು ನಾವು ಕೇಳುತ್ತೇವೆ. ಖರ್ಚು ಹೆಚ್ಚುವುದೆಂಬ ಆಕ್ಷೇಪ ಬರಬಹುದು. ಹಾಗಿದ್ದರೆ ಬಣ್ಣದ ಚಿತ್ರವನ್ನು ಬಿಡಲಿ, ರೇಖಾಚಿತ್ರವನ್ನು ಬಿಡದಿರಲಿ.