ಇಪ್ಪತ್ತಾರು ನಿಮಿಷಕ್ಕೆ ಎಷ್ಟು ಗುಡ್ಡ?

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಒಂದು ಗಂಟೆ, ರಸ್ತೆಯಲ್ಲಿ ಏಳೆಂಟು ಗಂಟೆ. ಶಿರಾಡಿ ಘಾಟಿಯನ್ನು ಅಗಲಗೊಳಿಸಬೇಕು, ಸುರಂಗ ಕೊರೆಯಬೇಕು ಎಂಬ ಭಾಷಣಗಳು ಬಹುಮಟ್ಟಿಗೆ ಈ ಲೆಕ್ಕದಿಂದಲೇ ಆರಂಭವಾಗುತ್ತವೆ. ಗಡಿಯಾರವನ್ನು ಎಲ್ಲಿಂದ ಎಲ್ಲಿಯವರೆಗೆ ನೋಡಿದರೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಆ ಒಂದು ಗಂಟೆ ವಿಮಾನದ ಬಾಗಿಲು ಮುಚ್ಚಿ ತೆರೆಯುವವರೆಗಿನದು. 2008ರಲ್ಲಿ ನಿಲ್ದಾಣವು ದೇವನಹಳ್ಳಿಗೆ ಹೋದ ಮೇಲೆ ಬೆಂಗಳೂರಿನ ನಡುವಿನಿಂದ ಅಲ್ಲಿಗೆ ಸುಮಾರು 35 ಕಿ.ಮೀ. ತಪಾಸಣೆಗೆಂದು ಒಂದೂವರೆ ಗಂಟೆಯಾದರೂ ಮೊದಲೇ ತಲುಪಬೇಕು. ಇತ್ತ ಬಜ್ಪೆಯ ಗುಡ್ಡ ಇಳಿದು ಮಂಗಳೂರು ಪೇಟೆ ಸೇರಲು ಮತ್ತಷ್ಟು ಹೊತ್ತು. ಎಲ್ಲ ಕೂಡಿದರೆ ನಾಲ್ಕೂವರೆ ಗಂಟೆಗೆ ಕಡಿಮೆಯಿಲ್ಲ. ಬಸ್ಸಿನ ಪಯಣವನ್ನಾದರೋ ಮನೆಯ ಹೊಸ್ತಿಲಿನಿಂದಲೇ ಎಣಿಸಲಾಗುತ್ತದೆ!

ದೂರದ ಮಾತೂ ಹೀಗೆಯೇ. ಆಕಾಶಮಾರ್ಗ ಸುಮಾರು 300 ಕಿ.ಮೀ., ರಸ್ತೆ ಸುಮಾರು 350. ಇಷ್ಟು ದೊಡ್ಡ ಪರ್ವತಶ್ರೇಣಿಯನ್ನು ದಾಟುವ ದಾರಿಗೆ ಇದು ಹೆಚ್ಚಿನ ಸುತ್ತೇನಲ್ಲ. ಮಾರನಹಳ್ಳಿಯಿಂದ ಗುಂಡ್ಯದವರೆಗಿನ ಘಾಟಿ ಭಾಗವು ಸುಮಾರು 26 ಕಿ.ಮೀ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದನ್ನಿಳಿಯಲು 52 ನಿಮಿಷ ಬೇಕು. ವೇಗವನ್ನು ದುಪ್ಪಟ್ಟು ಮಾಡಿದರೂ ಉಳಿಯುವುದು 26 ನಿಮಿಷ. ಬೆಂಗಳೂರಿನಿಂದ ಹೊರಬೀಳುವ ಮುನ್ನ ನೆಲಮಂಗಲದ ದಾರಿಯಲ್ಲಿ ಕಳೆದುಹೋಗುವ ಹೊತ್ತು ಎಷ್ಟೋ ದಿನ ಇದಕ್ಕಿಂತ ಹೆಚ್ಚು. ಅದಕ್ಕಾಗಿ ಯಾರೂ ಬೆಂಗಳೂರನ್ನು ಕಡಿಯಬೇಕೆನ್ನುವುದಿಲ್ಲ, ಕಡಿಯುವುದು ಸಹ್ಯಾದ್ರಿಯನ್ನು.

ಕಡಿದುದರ ಫಲವೇನಾಯಿತು? 2018ರ ಆರಂಭದಲ್ಲಿ ಕಾಂಕ್ರೀಟ್ ಕಾಮಗಾರಿಗೆಂದು ಘಾಟಿಯನ್ನು ಮುಚ್ಚಲಾಯಿತು. ಜುಲೈಯಲ್ಲಿ ತೆರೆಯಿತು. ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು. 2024ರ ಜುಲೈಯಲ್ಲಿ ಸಕಲೇಶಪುರ ತಾಲೂಕಿನ ದೊಡ್ಡತಪ್ಲುವಿನ ಬಳಿ, ಚತುಷ್ಪಥಕ್ಕೆಂದು ಅಗೆದ ಗುಡ್ಡವೇ ರಸ್ತೆಗೆ ಜಾರಿತು. ಅದೇ ತಿಂಗಳ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದು, ಹತ್ತು ದಿನಕ್ಕೂ ಹೆಚ್ಚು ಕಾಲ ರೈಲು ನಿಂತಿತು. ನಿಮಿಷ ಉಳಿಸಹೊರಟವರು ಕಳೆದುಕೊಂಡ ದಿನಗಳನ್ನು ಯಾವ ವರದಿಯಲ್ಲಿ ಬರೆದಿದ್ದಾರೆ?

ಬುಡ ಕಡಿದ ಇಳಿಜಾರು ನಿಲ್ಲದೆಂಬುದು ತೋಟದಲ್ಲಿ ಧರೆ ಕಡಿದು ಅನುಭವವಿರುವ ರೈತನಿಗೆ ಗೊತ್ತು. ಮೇಲಿನ ಮಣ್ಣು ಮಳೆನೀರು ಕುಡಿದು ಭಾರವಾಗುತ್ತದೆ. ಕೆಳಗೆ ಆತುಕೊಳ್ಳಲು ಏನೂ ಇರುವುದಿಲ್ಲ. ಅಗೆದ ಮಣ್ಣನ್ನು ಹಳ್ಳದ ಬದಿಗೆ ಸುರಿದರೆ ಅದು ಕೆಂಪುಹೊಳೆಗಿಳಿದು ಗುಂಡ್ಯ, ಕುಮಾರಧಾರೆಗಳ ಮೂಲಕ ನೇತ್ರಾವತಿಯನ್ನು ಸೇರುತ್ತದೆ. ಆ ಮಂಗಳೂರು ಕುಡಿಯುವುದು ಇದೇ ನೇತ್ರಾವತಿಯ ನೀರನ್ನು.

ಘಾಟಿ ರಸ್ತೆ ಬೇಡವೆಂದು ಮಲೆನಾಡಿಗರು ಹೇಳುತ್ತಿಲ್ಲ. ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಾದವರಿಗೆ ಅದರ ಅಗತ್ಯ ಯಾವ ಮಂತ್ರಿಗಿಂತಲೂ ಚೆನ್ನಾಗಿ ಗೊತ್ತು. ಅವರಿಗೆ ಬೇಕಿರುವುದು ಮಳೆಗಾಲದ ನಡುರಾತ್ರಿಯಲ್ಲೂ ತೆರೆದಿರುವ ರಸ್ತೆ. ಕಾಲುಸಂಕ ದಾಟಿ, ಕೆಸರಿನಲ್ಲಿ ನಡೆದು ಟಾರು ರಸ್ತೆಗೆ ಬರುವಷ್ಟರಲ್ಲೇ ಒಂದು ಗಂಟೆ ಕಳೆಯುವ ಮನೆಗಳು ಈ ಕಣಿವೆಗಳಲ್ಲಿ ಇಂದಿಗೂ ಇವೆ. ಎರಡು ನಗರಗಳ ನಡುವಿನ ದೂರದಲ್ಲಿ ಆ ಗಂಟೆಗೆ ಲೆಕ್ಕವಿಲ್ಲ.

ಮುಂದಿನ ಯೋಜನೆಯ ನಕ್ಷೆ ಹಿಡಿದು ಅಧಿಕಾರಿಗಳು ಊರಿಗೆ ಬಂದಾಗ ಗ್ರಾಮಸಭೆ ಅವರನ್ನು ಕೂರಿಸಿ ಕೇಳಲಿ: ಇಳಿಜಾರನ್ನು ಎಷ್ಟು ಕೋನಕ್ಕೆ ಕಡಿಯುತ್ತೀರಿ? ಮಣ್ಣನ್ನು ಎಲ್ಲಿ ಹಾಕುತ್ತೀರಿ? ಗುಡ್ಡದ ನೀರಿಗೆ ಯಾವ ದಾರಿ ಬಿಟ್ಟಿದ್ದೀರಿ? ಉತ್ತರ ಬರವಣಿಗೆಯಲ್ಲಿರಲಿ.